ಬಾಂಬಿನ ಗುಹೆಯಲ್ಲಿ ಕುದಿಯುವ ಕೆಂಪು ಕಡಾಯಿ!

ಚೀನಾದ ಚೋಂಗ್‌ಚಿಂಗ್‌ನಲ್ಲಿ ಸಂಜೆಯಾಯ್ತೆಂದರೆ ಬೀದಿ ತುಂಬ ಮೆಣಸಿನಕಾಯಿ ಘಾಟು! ಮೇಜಿನ ನಡುವೆಯೇ ಒಲೆ, ಒಲೆ ಮೇಲೆ ಒಂಬತ್ತು ಮನೆಯ ಕಡಾಯಿ, ಅದರಲ್ಲಿ ದನದ ಕೊಬ್ಬಿನ ಕೆಂಪು ಸಾರು ಕೊತಕೊತ... ಅದೇ ಹಾಟ್‌ಪಾಟ್. ಹಸಿ ಬೋಟಿಯನ್ನು ಕಡ್ಡಿಯಲ್ಲಿ ಹಿಡಿದು ಏಳು ಸಲ ಎತ್ತಿ, ಎಂಟು ಸಲ ಅದ್ದಬೇಕು. 15 ಸೆಕೆಂಡು, ಅಷ್ಟೆ! ತಡಮಾಡಿದಿರೋ, ರಬ್ಬರು ಅಗಿದ ಹಾಗೆ. ಎಳ್ಳೆಣ್ಣೆ-ಬೆಳ್ಳುಳ್ಳಿಯಲ್ಲಿ ಹೊರಳಿಸಿ ಬಾಯಿಗಿಟ್ಟರೆ ತುಟಿ ಜುಮ್ ಅನ್ನುತ್ತೆ. ನಮ್ಮ ಮಲೆನಾಡಿನ ಜುಮ್ಮನಕಾಯಿಯ ದಾಯಾದಿ ಕಾಳು ಆ ಸಾರಿನಲ್ಲುಂಟು. ಮೊದಮೊದಲು ಹೊಳೆದಂಡೆಯ ಹಮಾಲರು ಅಗ್ಗದ ಬೋಟಿ ಬೇಯಿಸಿ ಹೊಟ್ಟೆ ತುಂಬಿಸಿಕೊಂಡ ಊಟವಿದು. ನೂಡಲ್ಸ್ ಬೇಕೇ? ಅಲ್ಲಿ ಅದು ಬೆಳಗಿನ ತಿಂಡಿ, ನಮ್ಮ ಇಡ್ಲಿಯಂತೆ.

ಕೆಲವು ಹೋಟೆಲುಗಳಿರೋದು ಗುಹೆಯೊಳಗೆ! 1938ರಿಂದ 1943ರವರೆಗೆ ಜಪಾನಿನ ವಿಮಾನಗಳು ಬಾಂಬು ಸುರಿದಾಗ ಜನ ಅಡಗಲು ಕೊರೆದ ಸುರಂಗಗಳವು. 1941ರ ಜೂನ್ 5ರಂದು ಅಂಥದೊಂದು ಸುರಂಗದಲ್ಲಿ ಉಸಿರುಗಟ್ಟಿ, ತುಳಿತಕ್ಕೆ ಸಿಕ್ಕಿ ನೂರಾರು ಜನ ಸತ್ತರು. 2016ರ ‘ಚೋಂಗ್‌ಚಿಂಗ್ ಹಾಟ್‌ಪಾಟ್’ ಚಿತ್ರದಲ್ಲಿ ನಾಯಕ ಚೆನ್ ಕುನ್ ಮತ್ತು ಗೆಳೆಯರು ಇಂಥದೇ ಗುಹೆ ಹೋಟೆಲು ಅಗಲಿಸಲು ಅಗೆದರೆ, ಸಿಗೋದು ಬ್ಯಾಂಕಿನ ಖಜಾನೆ! ಆ ದೃಶ್ಯಕ್ಕೆ ಶಿಳ್ಳೆ ಹೊಡೀರಿ, ಯಾರು ಬೇಡ ಅಂತಾರೆ? ಆದರೆ ಆ ಗುಹೆಯಲ್ಲಿ ಊಟಕ್ಕೆ ಕೂತವನ ಕಣ್ಣು ಮಾತ್ರ ಗಾಳಿ ಬರೋ ಬಾಗಿಲತ್ತಲೇ ಹೋಗುತ್ತೆ, ಗುರುಗಳೇ.