ನಿಮ್ಮ ಕೈ ನೋಯದಿರಲಿ

ಅಡ್ಮಿಷನ್ ಫಾರ್ಮಿನಲ್ಲಿ ‘ತಂದೆಯ ಉದ್ಯೋಗ’ ಅಂತ ಒಂದು ಕಾಲಂ ಇರುತ್ತಲ್ಲ, ಅಲ್ಲಿ ನಾನು ‘ಬಿಸಿನೆಸ್’ ಅಂತ ಬರೆದಿದ್ದೆ. ನಿಜ ಹೇಳಬೇಕೆಂದರೆ ಅಬ್ಬಾ ಹರಳುಗಳಿಗೆ ಸಾಣೆ ಹಿಡಿಯುತ್ತಾರೆ. ನಮ್ಮೂರು ಗೌರಿಬಿದನೂರು ತಾಲ್ಲೂಕಿನ ಅಲೀಪುರ. ಊರಿನಲ್ಲಿ ಹೆಚ್ಚಿನವರು ಶಿಯಾ ಮುಸ್ಲಿಮರು. ಮೊಹರಂಗೂ ಹರಳಿನ ಕೆಲಸಕ್ಕೂ ಹೆಸರಾದ ಊರು. ಮನೆಯ ಮುಂದಿನ ಕೋಣೆಯಲ್ಲಿ ತಿರುಗುವ ಸಾಣೆಯ ಸದ್ದಿನಲ್ಲೇ ನಾನು ಪಿಯುಸಿ ಓದಿದ್ದು. ಆದರೆ ಫ್ರೆಂಡ್ಸ್ ಯಾರನ್ನೂ ಒಂದು ದಿನವೂ ಮನೆಗೆ ಕರೆದಿಲ್ಲ. ಆ ಧೂಳು, ಆ ಸದ್ದು, ಕಲೆಯಾದ ಬನಿಯನ್ನಿನಲ್ಲಿ ಕೂತ ಅಬ್ಬಾ. ಏನೋ ಸಂಕೋಚ.

ಕಳೆದ ಸೆಮಿಸ್ಟರ್ ರಜೆಯಲ್ಲಿ ಊರಿನವರ ತಂಡದ ಜೊತೆ ಇರಾನಿಗೆ ಜಿಯಾರತ್ ಹೋಗಿದ್ದೆವು. ಖುಮ್, ಮಶ್‌ಹದ್ ಯಾತ್ರೆಯ ನಡುವೆ ಒಂದು ದಿನ ಇಸ್ಫಹಾನ್. ಅಲ್ಲಿನ ನಕ್ಷೆ ಜಹಾನ್ ಚೌಕವನ್ನು 17ನೇ ಶತಮಾನದ ಆರಂಭದಲ್ಲಿ ಷಾ ಅಬ್ಬಾಸ್ ಕಟ್ಟಿಸಿದ್ದು. 1979ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಎಲ್ಲರೂ ನೀಲಿ ಗುಮ್ಮಟದ ಫೋಟೊ ತೆಗೆಯುತ್ತಿದ್ದರೆ, ಅಬ್ಬಾ ಸದ್ದು ಬಂದ ಕಡೆ ನಡೆದರು. ಚೌಕದ ಸುತ್ತ ಅಂಗಡಿ ಸಾಲು. ಒಬ್ಬ ತಾಮ್ರದ ತಟ್ಟೆಯ ಮೇಲೆ ಉಳಿಯಿಂದ ಹೂಬಳ್ಳಿ ಕೆತ್ತುತ್ತಿದ್ದಾನೆ, ಇನ್ನೊಬ್ಬ ಮರದ ಅಚ್ಚಿನಿಂದ ಬಟ್ಟೆಗೆ ಬಣ್ಣ ಒತ್ತುತ್ತಿದ್ದಾನೆ. ಆ ಬಟ್ಟೆಗೆ ಅಲ್ಲೂ ಕಲಂಕಾರಿ ಅಂತಲೇ ಹೆಸರು!

ಒಂದು ಬಾಗಿಲಲ್ಲಿ ಅಬ್ಬಾ ನಿಂತುಬಿಟ್ಟರು. ಒಳಗೆ ವಯಸ್ಸಾದ ಉಸ್ತಾದ್ ಒಬ್ಬರು ತಾಮ್ರದ ಹೂದಾನಿಗೆ ಫಿರೋಜಾ ಚೂರುಗಳನ್ನು ಅಂಟಿಸುತ್ತಿದ್ದರು. “ಅಬ್ಬಾ ಬನ್ನಿ, ಬಸ್ ಹೋಗತ್ತೆ” ಅಂತ ನಾನು ತೋಳು ಎಳೆದೆ. ಉಸ್ತಾದ್ ತಲೆಯೆತ್ತಿ ನೋಡಿದರು. ನೋಡಿದ್ದು ನಮ್ಮ ಮುಖವನ್ನಲ್ಲ, ಅಬ್ಬಾನ ಬೆರಳುಗಳನ್ನು. ಒಂದು ಸ್ಟೂಲ್ ಮುಂದಕ್ಕೆ ಸರಿಸಿದರು.

ಭಾಷೆ ಅರ್ಧಂಬರ್ಧ. ಫಿರೋಜಾ, ಕಾರ್ಖಾನೆ, ಉಸ್ತಾದ್ — ಈ ಮೂರು ಪದ ಇಬ್ಬರದೂ. ಉಳಿದದ್ದೆಲ್ಲ ಕೈಸನ್ನೆ. ತಾಮ್ರವನ್ನು ಸ್ವಲ್ಪವೇ ಬಿಸಿ ಮಾಡಿ ಅರಗಿನ ಪುಡಿ ಉದುರಿಸುತ್ತಾರೆ. ಅದು ಮೆತ್ತಗಾದಾಗ ಕಲ್ಲಿನ ಚೂರುಗಳನ್ನು ಒತ್ತೊತ್ತಾಗಿ ಕೂರಿಸುತ್ತಾರೆ. ಸಂದುಗಳಿಗೂ ಅರಗು ತುಂಬಿ, ಆರಿದ ಮೇಲೆ ಉಜ್ಜಿ ನುಣುಪು ಮಾಡುತ್ತಾರೆ. ಅರಗು ಅಂದ ಕೂಡಲೇ ಅಬ್ಬಾನ ಮುಖ ಅರಳಿತು. ಅವರೂ ಹರಳನ್ನು ಕಡ್ಡಿಯ ತುದಿಗೆ ಅರಗಿನಿಂದಲೇ ಅಂಟಿಸಿ ಸಾಣೆಗೆ ಹಿಡಿಯುವುದು. ನಮ್ಮ ಚನ್ನಪಟ್ಟಣದ ಗೊಂಬೆಗೂ ಅರಗಿನದೇ ಬಣ್ಣ.

ಅಬ್ಬಾ ಒಂದೇ ಪ್ರಶ್ನೆ ಕೇಳಿದರು: ಬಿಸಿಗೆ ಫಿರೋಜಾದ ಬಣ್ಣ ಕೆಡುವುದಿಲ್ಲವೇ? ನಾನು ಮೆಟೀರಿಯಲ್ಸ್ ಲ್ಯಾಬಿನಲ್ಲಿ ಹಾರ್ಡ್‌ನೆಸ್ ಟೆಸ್ಟ್ ಮಾಡಿ ಒಳ್ಳೆ ಮಾರ್ಕ್ಸ್ ತಗೊಂಡವನು. ಫಿರೋಜಾ ಮೋಹ್ಸ್ ಸ್ಕೇಲಿನಲ್ಲಿ 5ರಿಂದ 6 ಅಂತ ಹೇಳಬಲ್ಲೆ. ಈ ಪ್ರಶ್ನೆ ಮಾತ್ರ ನನಗೆ ಹೊಳೆಯುತ್ತಲೇ ಇರಲಿಲ್ಲ. ಉಸ್ತಾದ್ ಜೋರಾಗಿ ನಕ್ಕರು. ಅಬ್ಬಾನ ಕೈ ಹಿಡಿದು ಬೆಚ್ಚಗಿನ ತಾಮ್ರದ ಮೇಲಿಟ್ಟರು. ಅರಗು ಮೆತ್ತಗಾಗುವಷ್ಟು ಮಾತ್ರ ಶಾಖ. ಅಳತೆ ಮಾಡುವುದು ಅಂಗೈ, ಥರ್ಮಾಮೀಟರ್ ಅಲ್ಲ.

ಆಮೇಲೆ ಚೂರುಗಳ ತಟ್ಟೆಯನ್ನೇ ಅಬ್ಬಾನ ಮುಂದಿಟ್ಟರು. ಅಬ್ಬಾ ಒಂದೊಂದನ್ನೇ ಆರಿಸಿ ಸಂದಿಗೆ ಸರಿಯಾಗಿ ಕೂರಿಸತೊಡಗಿದರು. ಪಕ್ಕದಂಗಡಿಯ ಕೆತ್ತನೆಯವರೂ ಬಂದು ನಿಂತು ನೋಡಿದರು. ಚಹಾ ಬಂತು, ಸಕ್ಕರೆ ಗಟ್ಟಿ ಬಂತು. ಏನಾದರೂ ತಗೊಳ್ಳಿ ಅಂತ ಒಬ್ಬರೂ ಹೇಳಲಿಲ್ಲ. ಎಲ್ಲರೂ ಅಬ್ಬಾನನ್ನು ‘ಉಸ್ತಾದ್’ ಅಂತಲೇ ಕರೆಯುತ್ತಿದ್ದರು. ಊರಲ್ಲಿ ಅವರನ್ನು ಯಾರೂ ಹಾಗೆ ಕರೆದದ್ದು ನಾನು ಕೇಳಿಲ್ಲ. ನಾನಂತೂ ಕರೆದಿಲ್ಲ.

ಹೊರಡುವಾಗ ಅವರು ಹೇಳಿದ್ದು: “ದಸ್ತೆ ಶೊಮಾ ದರ್ದ್ ನಕೊನೆ.” ಅಲ್ಲಿ ಥ್ಯಾಂಕ್ಸ್ ಹೇಳುವುದೇ ಹೀಗಂತೆ. ಅರ್ಥ: ನಿಮ್ಮ ಕೈ ನೋಯದಿರಲಿ. ಅಬ್ಬಾನ ಕೈಗೆ ಈಗ ಚಳಿಗಾಲದಲ್ಲಿ ನೋವು ಬರುತ್ತದೆ. ಅವರು ಏನೂ ಮಾತಾಡದೆ ಬಸ್ ಹತ್ತಿದರು. ನಾನು ಕಿಟಕಿಯ ಆಚೆ ನೋಡುತ್ತ ಕೂತೆ.

ಗುರುತು ಪರಿಚಯವಿಲ್ಲದ ನಮಗೆ ಸ್ಟೂಲ್ ಹಾಕಿದ ಆ ಬಾಗಿಲು ಸಾವಿರಾರು ಕಿಲೋಮೀಟರ್ ದೂರ. ನಮ್ಮ ಬಾಗಿಲು ಗೌರಿಬಿದನೂರಿನ ಪಕ್ಕದಲ್ಲೇ ಇದ್ದರೂ ಇಷ್ಟು ವರ್ಷ ಅದನ್ನು ಮುಚ್ಚಿಟ್ಟವನು ನಾನೇ. ಇಂಟರ್ನಲ್ಸ್ ಮುಗಿದ ಮೇಲೆ ಒಂದು ಭಾನುವಾರ ಬನ್ನಿ. ಶುಕ್ರವಾರ ಬೇಡ, ಅವತ್ತು ಸಾಣೆಗೆ ರಜೆ. ಧೂಳು ಇದೆ, ಸದ್ದು ಇದೆ. ಸ್ಟೂಲ್ ಎರಡೇ ಇವೆ. ಉಳಿದವರಿಗೆ ಚಾಪೆ ಹಾಸುತ್ತೇನೆ.