ಗಾಳಿಯ ಲೆಕ್ಕ

ಗೃಹಸ್ಥನು ಮನೆಯ ಜಮಾಖರ್ಚಿನಲ್ಲಿ ಜೋಳ, ಬೇಳೆ, ಎಣ್ಣೆಗಳನ್ನು ಬರೆಯುವನೇ ಹೊರತು ಗಾಳಿಯನ್ನು ಬರೆಯುವುದಿಲ್ಲ. ಅದು ಹಣ ಕೊಟ್ಟು ಕೊಳ್ಳುವ ಪದಾರ್ಥವಲ್ಲವಷ್ಟೆ! ಆದರೆ ಗಾಳಿಯನ್ನು ಲೆಕ್ಕಕ್ಕೆ ಹಿಡಿಯದೆ ನಾನೊಮ್ಮೆ ಹಣವನ್ನೂ ಕಳೆದುಕೊಂಡೆನು, ಒಬ್ಬ ಸಜ್ಜನನ ಮನಸ್ಸನ್ನೂ ನೋಯಿಸಿದೆನು.

ರೋಣದಲ್ಲಿ ನಮ್ಮದೊಂದು ಹಳೆಯ ಲಾರಿಯುಂಟು. ರೋಣ, ನರಗುಂದ, ಗಜೇಂದ್ರಗಡಗಳ ಎರೆಯ ಸೀಮೆಯಲ್ಲಿ ಬೆಳೆದ ಉಳ್ಳಾಗಡ್ಡಿ, ಹೆಸರು, ಕಡಲೆಗಳನ್ನು ಪೇಟೆಗೆ ಸಾಗಿಸುವುದೇ ಅದರ ಕೆಲಸ. ಅದನ್ನು ಕೊಳ್ಳುವಾಗ ಮನೆಯಾಕೆಯ ಬಂಗಾರವು ಅಡವಿಗೆ ಹೋಗಿದ್ದಿತು. ಹೀಗಿರಲು ಒಂದು ಸುಗ್ಗಿಯಲ್ಲಿ, ಲೀಟರಿಗೆ 5 ಕಿಲೋಮೀಟರು ಓಡುತ್ತಿದ್ದ ಗಾಡಿಯು 4ಕ್ಕೆ ಇಳಿಯಿತು. 200 ಕಿಲೋಮೀಟರಿಗೆ 40 ಲೀಟರು ಸಾಕಾಗುತ್ತಿದ್ದಲ್ಲಿ 50 ಬೇಕಾಯಿತು.

ನನಗೆ ಮೊದಲು ಹೊಳೆದುದು ಕಳವು. ಹನ್ನೆರಡು ವರ್ಷ ನಂಬಿಗೆಯಿಂದ ದುಡಿದ ಚಾಲಕನನ್ನು ಕರೆದು, “ಎಣ್ಣಿ ಎಲ್ಲಿ ಹೋಗತೈತಿ?” ಎಂದು ಕೇಳಿಯೇಬಿಟ್ಟೆನು. ಅವನ ಮೋರೆ ಬಾಡಿತು. “ಧಣ್ಯಾರ, ಗಾಡಿ ಕರಿ ಹೊಗಿ ಉಗುಳತೈತಿ, ಏರಿನ್ಯಾಗ ದಮ್ಮು ಹಿಡೀವಲ್ದು. ನೀವ ಒಮ್ಮೆ ಕೂತು ಬರ್ರಿ” ಎಂದಷ್ಟೇ ಅಂದನು.

ಮರುದಿನ ಕುಳಿತು ಹೋದೆನು. ಗಜೇಂದ್ರಗಡದ ಗುಡ್ಡದ ಮೇಲೆ ಗಾಳಿಯಂತ್ರಗಳು ಸರಾಗವಾಗಿ ತಿರುಗುತ್ತಿದ್ದವು. ಅಷ್ಟು ಗಾಳಿಯ ನಡುವೆ ನಮ್ಮ ಲಾರಿಯು ಉಬ್ಬಸದ ರೋಗಿಯಂತೆ ಏದುತ್ತಿದ್ದಿತು.

ಗ್ಯಾರೇಜಿನ ಮೇಸ್ತ್ರಿಯು ಎರಡು ದೋಷಗಳನ್ನು ತೋರಿಸಿದನು. ಗಾಳಿ ಸೋಸುವ ಫಿಲ್ಟರಿನಲ್ಲಿ ಎರೆಮಣ್ಣಿನ ಧೂಳು ಗಟ್ಟಿಯಾಗಿ ಕುಳಿತಿದ್ದಿತು. ಟರ್ಬೋದಿಂದ ಹೊರಟ ರಬ್ಬರು ಕೊಳವೆಯು ಕೆಳಬದಿಯಲ್ಲಿ ಸೀಳಿದ್ದಿತು. ಒಂದು ಲೀಟರು ಡೀಸೆಲ್ ಪೂರ್ಣವಾಗಿ ಉರಿಯಬೇಕಾದರೆ ಸುಮಾರು 12 ಕಿಲೋಗ್ರಾಂ, ಎಂದರೆ ಹೆಚ್ಚು ಕಡಿಮೆ 10,000 ಲೀಟರು ಗಾಳಿ ಬೇಕು. ಅಷ್ಟು ಗಾಳಿ ಸಾಲದಿದ್ದರೆ ಎಣ್ಣೆಯು ಅರ್ಧ ಬೆಂದು ಕರಿಹೊಗೆಯಾಗಿ ಹೊರಬೀಳುವುದು. ಹಸಿ ಕಟ್ಟಿಗೆಯ ಒಲೆಗೆ ಊದುಗೊಳವೆ ಹಿಡಿದ ನಮ್ಮ ತಾಯಂದಿರಿಗೆ ಇದನ್ನು ವಿವರಿಸಬೇಕಾಗಿಲ್ಲ. ಎಂಜಿನ್ನಿನ ಊದುಗೊಳವೆಯೇ ಟರ್ಬೋ. ಹೊರಗೆ ಹೋಗುವ ಹೊಗೆಯ ರಭಸದಿಂದಲೇ ಚಕ್ರವೊಂದನ್ನು ತಿರುಗಿಸಿ, ಹೊಸ ಗಾಳಿಯನ್ನು ಒತ್ತಿ ಒಳಗೆ ತುಂಬುವ ಯುಕ್ತಿಯಿದು. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿಯು 1905ರಲ್ಲಿ ಇದಕ್ಕೆ ಪೇಟೆಂಟು ಪಡೆದನು. ಊದುಗೊಳವೆಯೇ ಸೀಳಿದ ಮೇಲೆ ಊದಿ ಫಲವೇನು?

ಹೊಸ ಫಿಲ್ಟರು, ಹೊಸ ಕೊಳವೆ ಹಾಕಿಸಿದೆವು. ಹೊಗೆ ತಿಳಿಯಾಯಿತು, ಲೆಕ್ಕವು ಮತ್ತೆ 5ರ ಸಮೀಪಕ್ಕೆ ಬಂದಿತು. ಕೆಲವರು ಗಾಳಿ ಹೆಚ್ಚು ಬರಲೆಂದು ಫಿಲ್ಟರನ್ನೇ ಕಿತ್ತು ಓಡಿಸುವರು. ಇದು ಆತ್ಮಘಾತವೇ ಸರಿ. ಧೂಳಿನ ಹರಳು ಒಳಹೊಕ್ಕು ಸಿಲಿಂಡರನ್ನು ಸವೆಸುವುದು. ಕಾಗದದ ಫಿಲ್ಟರಿಗೆ ರಭಸದ ಗಾಳಿ ಹೊಡೆದು ಕೊಡಹಿದರೂ ಅದು ಹರಿಯಬಹುದು. ಧೂಳಿನ ಸೀಮೆಯಲ್ಲಿ ಅದನ್ನು ಮೇಲಿಂದ ಮೇಲೆ ನೋಡಿ, ಕಟ್ಟಿದ್ದರೆ ಬದಲಿಸುವುದೇ ಮಿತವ್ಯಯ.

ಬಂಗಾರವು ಮುಂದಿನ ವರ್ಷ ಮನೆಗೆ ಬಂದಿತು. ಆಡಿದ ಮಾತನ್ನು ಬಿಡಿಸಿ ತರುವುದು ಅಷ್ಟು ಸುಲಭವಾಗಲಿಲ್ಲ. ಚಾಲಕನ ಮನೆಗೇ ಹೋಗಿ, ಅವನ ಹೆಂಡತಿ ಮಕ್ಕಳ ಎದುರಿನಲ್ಲಿ, “ತಪ್ಪು ನಂದು” ಎಂದೆನು. ಅವನು ಬಹಳ ಹೊತ್ತು ಸುಮ್ಮನಿದ್ದು, “ಚಾ ಕುಡೀರಿ, ಧಣ್ಯಾರ” ಎಂದನು.

ಈಗ ನಮ್ಮ ಜಮಾಖರ್ಚಿನ ಪುಸ್ತಕದಲ್ಲಿ ಡೀಸೆಲ್ಲಿನ ಲೆಕ್ಕದ ಪಕ್ಕಕ್ಕೆ ಫಿಲ್ಟರು ನೋಡಿದ ದಿನವನ್ನೂ ಬರೆಯುವುದುಂಟು. ಆ ಎರಡನ್ನೂ ಬರೆಯುವವನು ಅವನೇ. ನಾನು ಕೂಡಿಸಿ ನೋಡುವುದಿಲ್ಲ.