ಪಾದ್ರಮ್ಮನ ಹೆಸರು

ಪ್ರತಿವರ್ಷ ಡಿಸೆಂಬರ್ 24ರ ಬೆಳಿಗ್ಗೆ ಬೆಂಗಳೂರಿನಲ್ಲಿರುವ ಮಗಳಿಗೆ ಫೋನು ಮಾಡಿ ಹುಟ್ಟುಹಬ್ಬದ ಶುಭಾಶಯ ಹೇಳುವುದು, ಆಮೇಲೆ ಅವಳು ಹುಟ್ಟಿದ ದಿನದ ಕಥೆಯನ್ನು ಇನ್ನೊಮ್ಮೆ ಹೇಳುವುದು ನಮ್ಮ ಮನೆಯ ವಾಡಿಕೆ. ಕಳೆದ ವರ್ಷ ಕಥೆ ಅರ್ಧಕ್ಕೆ ಬಂದಾಗ ಅವಳು ಕೇಳಿದಳು: "ಅಪ್ಪಾ, ಆ ಪಾದ್ರಮ್ಮನ ಹೆಸರೇನು?" ಇಷ್ಟು ವರ್ಷ ಮಕ್ಕಳಿಗೆ ಪ್ರಶ್ನೆ ಕೇಳಿಯೇ ಸಂಬಳ ಪಡೆದ ನಾನು ತಡವರಿಸಿದೆ. ಪಕ್ಕದಲ್ಲಿದ್ದ ಹೆಂಡತಿಯ ಮುಖ ನೋಡಿದೆ. ಅವಳಿಗೂ ಗೊತ್ತಿರಲಿಲ್ಲ.

ಅದು 1998. ನಾನು ಹೊಸದುರ್ಗ ತಾಲ್ಲೂಕಿನ ಒಂದು ಹಳ್ಳಿಯ ಪ್ರೌಢಶಾಲೆಗೆ ವಿಜ್ಞಾನದ ಮೇಷ್ಟ್ರಾಗಿ ಸೇರಿ ಎರಡು ವರ್ಷವಾಗಿತ್ತು. ನಮ್ಮ ಬಾಡಿಗೆ ಮನೆಯಿಂದ ಮೂರನೆಯ ಮನೆಯಲ್ಲಿ ಕರಾವಳಿ ಕಡೆಯ ಒಬ್ಬ ಪಾದ್ರಿ, ಅವರ ಹೆಂಡತಿ ಇದ್ದರು. ಊರಿನಲ್ಲಿದ್ದ ನಾಲ್ಕಾರು ಕ್ರೈಸ್ತ ಕುಟುಂಬಗಳಿಗಾಗಿ ಬಂದವರು. ಕುಚ್ಚಲಕ್ಕಿ, ಮೀನು, ಸುರಿಯುವ ಮಳೆ ಕಂಡವರಿಗೆ ನಮ್ಮ ಬಯಲುಸೀಮೆ ಪರದೇಶವೇ ಸರಿ. ಆಕೆ ಮುದ್ದೆ ತೊಳಸಲು ಕಲಿತದ್ದು ನನ್ನ ಹೆಂಡತಿಯಿಂದ. ಊರಿನವರು ಅವರೊಡನೆ ಚೆನ್ನಾಗಿಯೇ ಇದ್ದರು. ಆದರೆ ಬೆನ್ನ ಹಿಂದೆ, "ಜಾತಿ ಕೆಡಿಸೋಕೆ ಬಂದೋರು" ಎನ್ನುತ್ತಿದ್ದರು. ನಾನೇನು ಕಡಿಮೆ? ಹಿಂದಿನ ವರ್ಷ ಕ್ರಿಸ್‌ಮಸ್ಸಿಗೆ ಆಕೆ ಕರ್ಜಿಕಾಯಿ, ಚಕ್ಕುಲಿ ತಂದುಕೊಟ್ಟಾಗ ನಗುನಗುತ್ತ ಇಸಿದುಕೊಂಡು ಶಾಲೆಯ ಜವಾನನಿಗೆ ದಾಟಿಸಿದ್ದೆ. ಹಿರಿಯೂರಿನಿಂದ ಬಂದಿದ್ದ ನನ್ನಮ್ಮ, ಆಕೆ ನೀರು ಕುಡಿದ ಲೋಟವನ್ನು ಬೇರೆ ಇಟ್ಟಿದ್ದರು. ಆಗ ನಾನು ತರಗತಿಯಲ್ಲಿ ವೈಜ್ಞಾನಿಕ ಮನೋಭಾವದ ಬಗ್ಗೆ ಸೊಗಸಾಗಿ ಪಾಠ ಮಾಡುತ್ತಿದ್ದೆ!

ಡಿಸೆಂಬರ್ 23ರ ರಾತ್ರಿ ಹನ್ನೊಂದಕ್ಕೆ ಹೆಂಡತಿಗೆ ನೋವು ಶುರುವಾಯಿತು. ದಿನ ತುಂಬಲು ಇನ್ನೂ ಆರು ವಾರವಿತ್ತು. ತಿಂಗಳ ಕೊನೆಗೆ ತವರಿನವರು ಬಂದು ಕರೆದೊಯ್ಯಬೇಕಿತ್ತು. ಮನೆಯಲ್ಲಿ ನಾವಿಬ್ಬರೇ. ಯಾರ ಬಾಗಿಲು ಬಡಿಯುವುದೆಂದು ತಿಳಿಯದೆ ನಿಂತಾಗ ದೀಪ ಉರಿಯುತ್ತಿದ್ದದ್ದು ಅವರ ಮನೆಯಲ್ಲಿ ಮಾತ್ರ. ಪಾದ್ರಿಗಳು ಪಕ್ಕದ ಬೀದಿಗೆ ಓಡಿ ಟ್ರ್ಯಾಕ್ಸ್ ಚಾಲಕನನ್ನು ಎಬ್ಬಿಸಿ ತಂದರು. ಆಕೆ ಎರಡು ಹಳೆಯ ಸೀರೆ, ಒಂದು ಫ್ಲಾಸ್ಕು ಹಿಡಿದು, ಕೇಳದೆಯೇ ಗಾಡಿ ಹತ್ತಿ ಕೂತರು.

ಬೆಳಗಿನ ಜಾವ ಪಟ್ಟಣದ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು. ಹೆಣ್ಣು ಮಗು, ತೂಕ ಒಂದು ಕಿಲೋ ಒಂಬೈನೂರು ಗ್ರಾಂ. ಹೊರಗೆ ಹೊಸದುರ್ಗದ ಡಿಸೆಂಬರ್ ಚಳಿ. ಮಗುವನ್ನು ಬೆಚ್ಚಗಿಡಬೇಕೆಂದು ವೈದ್ಯರು ಹೇಳಿದ್ದೇ ತಡ, ಪಾದ್ರಮ್ಮ ಕೂಸನ್ನು ನನ್ನ ಹೆಂಡತಿಯ ಎದೆಗೆ ಬರಿಮೈಗೆ ಬರಿಮೈ ತಾಗುವಂತೆ ಮಲಗಿಸಿ, ಮೇಲೆ ಹಳೆಯ ಸೀರೆ ಸುತ್ತಿದರು. ಹೆಂಡತಿ ನಿದ್ದೆ ಹೋದಾಗ ತಾವೇ ಎದೆಗವಚಿಕೊಂಡು ಕೂತರು. ಚಿಕ್ಕ ದೇಹಕ್ಕೆ ಅದರ ಗಾತ್ರಕ್ಕೆ ಹೋಲಿಸಿದರೆ ಮೈಹರವು ಹೆಚ್ಚು, ಆದ್ದರಿಂದ ಶಾಖ ಬೇಗ ಸೋರಿಹೋಗುತ್ತದೆ ಎಂಬುದನ್ನು ನಾನು ಬೋರ್ಡಿನ ಮೇಲೆ ಎಷ್ಟೋ ಸಲ ಬರೆದಿದ್ದೆ. ಇದನ್ನೇ ಕಾಂಗರೂ ಆರೈಕೆ ಎಂದು 1978ರಲ್ಲಿ ಕೊಲಂಬಿಯಾ ದೇಶದ ಬೊಗೋಟಾ ನಗರದಲ್ಲಿ ವೈದ್ಯರು ಆರಂಭಿಸಿದ್ದರೆಂದು ನಾನು ಓದಿದ್ದು ಎಷ್ಟೋ ವರ್ಷಗಳ ನಂತರ. ಆಕೆಗೆ ಅದನ್ನು ಯಾರು ಕಲಿಸಿದ್ದರೋ, ಆಗ ಕೇಳುವ ಬುದ್ಧಿ ನನಗಿರಲಿಲ್ಲ.

25ರ ಸಂಜೆ ಅಮ್ಮ ಹಿರಿಯೂರಿನಿಂದ ಬಂದರು. ಪಾದ್ರಮ್ಮನ ಎದೆಯ ಮೇಲೆ ಮಲಗಿದ್ದ ಮೊಮ್ಮಗಳನ್ನು ಸುಮ್ಮನೆ ನೋಡುತ್ತ ನಿಂತರು. ಆಮೇಲೆ ಕೇಳಿದರು: "ನೀನು ಉಂಡ್ಯೇನವ್ವಾ?" ತಾವು ತಂದಿದ್ದ ಬುತ್ತಿ ಬಿಚ್ಚಿ, ತಮ್ಮ ಲೋಟದಲ್ಲೇ ನೀರು ಕೊಟ್ಟರು. ಅಂದು ಕ್ರಿಸ್‌ಮಸ್ ಎಂಬುದು ನಮಗಾರಿಗೂ ನೆನಪಿರಲಿಲ್ಲ. ಆಕೆಯೂ ನೆನಪಿಸಲಿಲ್ಲ. ವಾರದ ಮೇಲೆ ಪಾದ್ರಿಗಳ ಬಾಯಿಂದ ತಿಳಿಯಿತು: ಹಾಸ್ಟೆಲಿನಲ್ಲಿ ಓದುತ್ತಿದ್ದ ಅವರ ಇಬ್ಬರು ಮಕ್ಕಳು ಹಬ್ಬಕ್ಕೆಂದು 23ರ ಸಂಜೆಯಷ್ಟೇ ಬಸ್ಸಿಳಿದಿದ್ದರಂತೆ. ದೀಪ ಉರಿಯುತ್ತಿದ್ದದ್ದು ಅದಕ್ಕೆ.

2000ದಲ್ಲಿ ಅವರಿಗೆ ವರ್ಗವಾಯಿತು. ಆಮೇಲೆ ನನಗೂ ಹೊಳಲ್ಕೆರೆ, ಹಿರಿಯೂರು, ಚಿತ್ರದುರ್ಗ ಎಂದು ವರ್ಗಗಳಾದವು. ಸಂಪರ್ಕ ತಪ್ಪಿತು. ಪಾದ್ರಿಗಳ ಹೆಸರು ನೆನಪಿದೆ, ಅವರ ಮನೆಯ ಬಾಗಿಲ ಮೇಲೆ ಬರೆದಿತ್ತು. ಆಕೆಯದು ಎಲ್ಲಿಯೂ ಬರೆದಿರಲಿಲ್ಲ.

ಮಗಳ ಪ್ರಶ್ನೆ ತಲೆಯಲ್ಲಿ ಕೊರೆಯುತ್ತಿದ್ದುದರಿಂದ ಗ್ರಂಥಾಲಯದಲ್ಲಿ ಕೂತು ಹಳೆಯ ಮಿಷನರಿಗಳ ಕಥೆ ಓದತೊಡಗಿದೆ. ನಮ್ಮ ಜಿಲ್ಲೆಯ ಶಾಸನಗಳನ್ನು ತಾಲ್ಲೂಕುವಾರು ಸಂಗ್ರಹಿಸಿದ ಬಿ.ಎಲ್. ರೈಸ್ ಎಲ್ಲರಿಗೂ ಗೊತ್ತು. ಎಪಿಗ್ರಾಫಿಯಾ ಕರ್ನಾಟಿಕಾದ 11ನೇ ಸಂಪುಟದಲ್ಲಿ ಹಿರಿಯೂರು, ಹೊಳಲ್ಕೆರೆ, ಹೊಸದುರ್ಗಗಳ ಕಲ್ಲುಗಳೆಲ್ಲ ಮಾತಾಡುತ್ತವೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವನ್ನು 1892ರಲ್ಲಿ ಬೆಳಕಿಗೆ ತಂದವರೂ ಅವರೇ. ಅವರು ಹುಟ್ಟಿದ್ದು ಬೆಂಗಳೂರಿನಲ್ಲಿ, 1837ರ ಜುಲೈ 17ರಂದು, ಲಂಡನ್ ಮಿಷನ್ನಿನ ಬೆಂಜಮಿನ್ ರೈಸ್ ದಂಪತಿಯ ಮಗನಾಗಿ. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಅದಕ್ಕೆ ಮುಂಚೆ ಹಡಗುಗಳು ಆಫ್ರಿಕಾ ಸುತ್ತಿ ಬರಲು ತಿಂಗಳುಗಟ್ಟಲೆ ಬೇಕಿತ್ತು. ಎಷ್ಟು ದಂಪತಿಗಳ ಕ್ರಿಸ್‌ಮಸ್ ನಡುಸಮುದ್ರದಲ್ಲೇ ಕಳೆಯಿತೋ! 1840ರ ದಶಕದಲ್ಲಿ ಬೆಂಗಳೂರಿನ ಕನ್ನಡ ಹೆಣ್ಣುಮಕ್ಕಳಿಗೆ ಶಾಲೆ ನಡೆಸಲು ಮುಂದಾದವರಲ್ಲಿ ಆ ತಾಯಿಯೂ ಒಬ್ಬರು. ಆದರೆ ಬರಹಗಳಲ್ಲಿ ಬಹಳ ಕಡೆ ಆಕೆ ಬರೀ ಮಿಸೆಸ್ ರೈಸ್. ಹೆಸರು ಜೇನ್ ಎಂದು ಹುಡುಕಿ ತಿಳಿಯಬೇಕಾಯಿತು.

ಇನ್ನು ಕಿಟೆಲ್. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಅಚ್ಚಾದ ಅವರ ಕನ್ನಡ-ಇಂಗ್ಲಿಷ್ ನಿಘಂಟಿನಲ್ಲಿ ಸುಮಾರು 70,000 ಪದಗಳಿವೆ. ಅದರ ಹಿಂದೆ ಇಬ್ಬರು ಹೆಣ್ಣುಮಕ್ಕಳ ಬದುಕಿದೆ. 1860ರಲ್ಲಿ ಕಿಟೆಲ್ ಕೈಹಿಡಿದ ಪೌಲಿನ್ 1864ರಲ್ಲಿ ತೀರಿಕೊಂಡರು. ಆಮೇಲೆ ಪೌಲಿನ್ ತಂಗಿ ಜೂಲಿಯೊಡನೆ 1867ರಲ್ಲಿ ಮದುವೆಯಾಯಿತು. ಕಾಯಿಲೆಯಿಂದ 1877ರಲ್ಲಿ ಜರ್ಮನಿಗೆ ಮರಳಿದ ಕಿಟೆಲ್, ನಿಘಂಟು ಮುಗಿಸಲೆಂದು 1883ರಲ್ಲಿ ಮತ್ತೆ ಇಲ್ಲಿಗೆ ಬಂದಾಗ ಹೆಂಡತಿ ಮಕ್ಕಳು ಅಲ್ಲೇ ಉಳಿದರು. ಕಿಟೆಲ್ ಹಿಂದಿರುಗಿದ್ದು 1892ರಲ್ಲಿ. ಎಣಿಸಿ ನೋಡಿದೆ: ಸುಮಾರು ಒಂಬತ್ತು ಕ್ರಿಸ್‌ಮಸ್‌ಗಳು. ಆತ ಇಲ್ಲಿ ಕನ್ನಡದ ಒಂದೊಂದು ಪದಕ್ಕೂ ಅರ್ಥ ಬರೆಯುತ್ತಿದ್ದಾಗ, ಆಕೆ ಅಲ್ಲಿ ಹಬ್ಬದ ಮರದ ಮುಂದೆ ಮಕ್ಕಳಿಗೆ ಏನು ಹೇಳುತ್ತಿದ್ದಿರಬಹುದು? ಕಿಟೆಲ್ ಟ್ಯೂಬಿಂಗೆನ್‌ನಲ್ಲಿ ತೀರಿಕೊಂಡದ್ದು 1903ರ ಡಿಸೆಂಬರ್ 18ರಂದು, ಹಬ್ಬಕ್ಕೆ ಒಂದು ವಾರವಿರುವಾಗ. ನಿಘಂಟಿನ ಮುಖಪುಟದಲ್ಲಿ ಜೂಲಿಯ ಹೆಸರಿಲ್ಲ.

ಇವರೆಲ್ಲ ಮತಪ್ರಚಾರಕ್ಕೆಂದೇ ಬಂದವರು. ಅದನ್ನು ಮರೆಮಾಚಬೇಕಿಲ್ಲ; ಆ ವಿಷಯದಲ್ಲಿ ನನಗಿದ್ದ ತಕರಾರು ಈಗಲೂ ಇದೆ. ಆದರೆ ಆ ರಾತ್ರಿ ಫ್ಲಾಸ್ಕು ಹಿಡಿದು ಗಾಡಿ ಹತ್ತಿದಾಕೆ ನಮಗೆ ಯಾವ ಪ್ರಚಾರವನ್ನೂ ಮಾಡಲಿಲ್ಲ. ಹೊರಡುವಾಗ ಹೇಳಿದ್ದು ಇಷ್ಟೇ: "ಮೇಷ್ಟ್ರೇ, ಮಗುವಿಗೆ ಟೊಪ್ಪಿ ಹಾಕಿ. ತಲೆಯಿಂದ ಶಾಖ ಹೋಗ್ತದೆ."

ಮೊನ್ನೆ ಆ ಹಳ್ಳಿಗೆ ಹೋಗಿ ಬಂದೆ. ಅವರಿದ್ದ ಮನೆ ಈಗ ಗೊಬ್ಬರದ ಅಂಗಡಿ. ಮನೆಯ ಯಜಮಾನರಿಗೆ ಎಂಬತ್ತು ದಾಟಿದೆ. ದಂಪತಿಯ ನೆನಪು ಚೆನ್ನಾಗಿದೆ. ಆಕೆಯ ಹೆಸರು ಕೇಳಿದೆ. ಬಹಳ ಹೊತ್ತು ಯೋಚಿಸಿ ತಲೆಯಲ್ಲಾಡಿಸಿದರು.

"ಪಾದ್ರಮ್ಮ ಅಂತಿದ್ವಿ ಸಾ. ಹೆಸ್ರು ಯಾರು ಕೇಳಿದ್ರು?"